ಬ್ಯಾಟರಿ ಗಾಡಿಯ ಒಂದು ಕಿಲೋಮೀಟರು

ಇವತ್ತು ಬೆಳಿಗ್ಗೆ ಎದ್ದು ಬಚ್ಚಲಿನ ಒಲೆಗೆ ತೆಂಗಿನ ಗರಿ ತುರುಕಿ ಬೆಂಕಿ ಮಾಡಿದೆ. ದನದ ಹಾಲು ಕರೆದು ಸೊಸೈಟಿಗೆ ಮುಟ್ಟಿಸಿ ಬಂದೆ. ರಾತ್ರಿ ನೆನೆಸಿದ್ದ ಅಕ್ಕಿ ರುಬ್ಬಿ ನೀರುದೋಸೆ ಹೊಯ್ದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ಕೊಟ್ಟೆ. ಸ್ಕೂಟರಿನಲ್ಲಿ ಬರುವ ಮೀನಿನವರಿಂದ ಬೂತಾಯಿ ತೆಗೆದುಕೊಂಡು ಶುಚಿ ಮಾಡಿ, ತಲೆಗಳನ್ನು ಬೆಕ್ಕಿಗೆ ಹಾಕಿದೆ. ಬಸಳೆ ಚಪ್ಪರದ ಒಂದು ಕಂಬ ವಾಲಿತ್ತು, ಬುಡಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆ. ಬಟ್ಟೆ ಒಗೆದು ಅಂಗಳದ ಹಗ್ಗಕ್ಕೆ ಹಾಕಿದೆ. ಮಧ್ಯಾಹ್ನದ ಊಟ ಮುಗಿಸಿ, ಕೈಯ ಚಿನ್ನದ ಬಳೆ ತೆಗೆದು ಅಕ್ಕಿಯ ಡಬ್ಬಿಯೊಳಗೆ ಇಟ್ಟು, ಗಾಜಿನ ಬಳೆ ಹಾಕಿಕೊಂಡು, ಬ್ಯಾಟರಿ ಗಾಡಿಯ ಪೆಡಲಿನ ಪೆಟ್ಟಿಗೆ ಬಿಚ್ಚಿದೆ.

ಕೊನೆಯದೊಂದನ್ನು ಬಿಟ್ಟರೆ ಇವೆಲ್ಲ ನಮ್ಮ ಪುತ್ತಿಗೆಯಲ್ಲಿ ಯಾವ ಮನೆಯ ಹೆಂಗಸೂ ಮಾಡುವ ಕೆಲಸಗಳೇ. ಕೊನೆಯದನ್ನು ಮಾತ್ರ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮವರು ಗಲ್ಫಿನಲ್ಲಿದ್ದಾರೆ. ಅಲ್ಲೊಂದು ದೊಡ್ಡ ಗಾಲ್ಫ್ ಮೈದಾನ. ಆಡುವವರು ನಡೆಯುವುದಿಲ್ಲವಂತೆ, ಬಾಗಿಲಿಲ್ಲದ ಚಿಕ್ಕ ಬ್ಯಾಟರಿ ಗಾಡಿಯಲ್ಲಿ ಇಬ್ಬಿಬ್ಬರಾಗಿ ಕೂತು ಚೆಂಡು ಬಿದ್ದಲ್ಲಿಗೆ ಹೋಗುತ್ತಾರಂತೆ. ಆ ಗಾಡಿಗಳನ್ನು ರಾತ್ರಿ ಚಾರ್ಜಿಗೆ ಹಾಕುವುದು, ಬೆಳಗಾಗುವ ಮೊದಲು ಒಂದೊಂದನ್ನೇ ನೋಡಿ ಹೊರಗೆ ಬಿಡುವುದು, ಕೆಟ್ಟದ್ದನ್ನು ಸರಿ ಮಾಡುವುದು ಇವರ ಕೆಲಸ. ಮದುವೆಯಾದ ಮರುವರ್ಷ ಹೋದವರು ಅದೇ ಮೈದಾನದಲ್ಲಿ ತಲೆ ನರೆಸಿಕೊಂಡರು. ಅಲ್ಲಿ ಆಟದ ಕಾಲವೆಂದರೆ ಚಳಿಗಾಲ. ಬೇಸಗೆಯ ಬಿಸಿಲಿಗೆ ಆ ಹುಲ್ಲಿನ ಮೇಲೆ ಯಾರೂ ಕಾಲಿಡುವುದಿಲ್ಲ, ಆಗ ಇವರಿಗೆ ರಜೆ. ಅಲ್ಲಿಯ ಬೇಸಗೆ ಎಂದರೆ ಇಲ್ಲಿಯ ಮಳೆಗಾಲ. ಹಾಗಾಗಿ ಗಂಡ ಮನೆಯಲ್ಲಿರುವುದು ಎಂದರೆ ನನಗೆ ನೆನಪಾಗುವುದು ಒಣಗದ ಬಟ್ಟೆ, ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುವ ಅವರ ಅಂಗಿ, ಹಲಸಿನ ಬೀಜದ ಪದಾರ್ಥ. ಅವರನ್ನು ಬಿಸಿಲಲ್ಲಿ ನೋಡಿದ ನೆನಪು ನನಗೆ ಕಡಿಮೆ.

ಅವರು ಬರುವ ದಿನದ ಒಂದು ಕ್ರಮ ಉಂಟು. ಎಲ್ಲ ಗಲ್ಫಿನವರ ಮನೆಯಲ್ಲಿಯೂ ಹಾಗೆಯೇ. ಬಜಪೆಯ ವಿಮಾನ ನಿಲ್ದಾಣದಿಂದ ಕರೆದುಕೊಂಡು ಬರಲು ಒಂದು ವ್ಯಾನು ಗೊತ್ತು ಮಾಡುತ್ತಾರೆ. ಅವರ ತಮ್ಮ, ತಮ್ಮನ ಹೆಂಡತಿ, ಅವರ ಮಕ್ಕಳು, ದೊಡ್ಡಪ್ಪನ ಮಗ, ವಿಮಾನ ನೋಡಬೇಕೆನ್ನುವ ನೆರೆಮನೆಯ ಪಿಳ್ಳೆಗಳು, ಇಷ್ಟು ಜನ ಹತ್ತುವಾಗ ವ್ಯಾನು ತುಂಬುತ್ತದೆ. ಪೆಟ್ಟಿಗೆಗೆ ಜಾಗ ಬೇಡವೇ? ಕೋಳಿಗೆ ಮಸಾಲೆ ಅರೆಯುವವರು ಬೇಡವೇ? ಹೆಂಡತಿ ಮನೆಯಲ್ಲಿ ಉಳಿಯುತ್ತಾಳೆ. ಇದನ್ನು ಯಾರೂ ನಿರ್ಧಾರ ಮಾಡುವುದಿಲ್ಲ, ಅದು ಹಾಗೇ ಆಗುತ್ತದೆ. ನಮ್ಮ ದಾರಿಯಲ್ಲಿ ತೋಡಿನ ನೀರಿಗೆ ಅಡ್ಡ ಹಾಕಿದ ಕಿರುಸೇತುವೆ, ನಮ್ಮ ಸಂಕ, ಅಗಲ ಸಾಲದ್ದರಿಂದ ವ್ಯಾನು ಹಾಲಿನ ಸೊಸೈಟಿಯ ಹತ್ತಿರ, ಡಾಮರು ರಸ್ತೆಯಲ್ಲಿಯೇ ನಿಲ್ಲುತ್ತದೆ. ಅಲ್ಲಿಂದ ಮನೆಗೆ ಒಂದು ಕಿಲೋಮೀಟರು. ಪೆಟ್ಟಿಗೆ ರಿಕ್ಷಾದಲ್ಲಿ, ಜನರೆಲ್ಲ ಇವರ ಸುತ್ತ ನಡೆದುಕೊಂಡು ಬರುತ್ತಾರೆ. ನಾನು ಚಹಾದ ಹರಿವಾಣ ಹಿಡಿದು ಹೊರಗೆ ಬರುವಾಗ ಇವರು ಜಗಲಿಯಲ್ಲಿ ಆರೇಳು ಹೆಗಲುಗಳ ಆಚೆ ಕೂತಿರುತ್ತಾರೆ. "ಹೇಗಿದ್ದೀ?" ಎಂದು ಕೇಳುವುದು ಕಣ್ಣಿನಲ್ಲಿ. ಬಾಯಿಯಲ್ಲಿ ಕೇಳುವಾಗ ಅರ್ಧ ರಾತ್ರಿಯಾಗಿರುತ್ತದೆ, ಅಷ್ಟು ಹೊತ್ತಿಗೆ ಇಬ್ಬರಿಗೂ ನಿದ್ದೆ.

ಆ ಒಂದು ಕಿಲೋಮೀಟರು ನನಗೆ ಸಿಗಲಿ ಎಂದು ಎಷ್ಟೋ ಸಲ ಎಣಿಸಿದ್ದೇನೆ. ಬಜಪೆ ಬೇಡ, ವ್ಯಾನು ಬೇಡ. ಸೊಸೈಟಿಯಿಂದ ಮನೆಯವರೆಗೆ ನಾವಿಬ್ಬರೇ. ಮಾತಾಡಲೇಬೇಕೆಂದಿಲ್ಲ.

ಗಾಡಿ ಬಂದದ್ದು ಎರಡು ಮಳೆಗಾಲದ ಹಿಂದೆ. ಬೆಳ್ತಂಗಡಿ ಕಡೆ ಗುಡ್ಡದ ಬದಿಯಲ್ಲಿದ್ದ ಒಂದು ರೆಸಾರ್ಟು ಮುಚ್ಚಿತ್ತು. ಅತಿಥಿಗಳನ್ನು ಗೇಟಿನಿಂದ ಕೋಣೆಗೆ ಕರೆದೊಯ್ಯುತ್ತಿದ್ದ ಗಾಲ್ಫ್ ಗಾಡಿ ಅಲ್ಲಿ ಹಿಂದಿನ ಶೆಡ್ಡಿನಲ್ಲಿ, ಸೀಟಿನಲ್ಲಿ ಕೋಳಿ ಮೊಟ್ಟೆ ಇಡುವ ಸ್ಥಿತಿಯಲ್ಲಿ ಬಿದ್ದಿತ್ತು. ರಜೆಯಲ್ಲಿದ್ದ ಇವರು ಯಾರದೋ ಮದುವೆಗೆಂದು ಆ ಕಡೆ ಹೋದವರು ಅದನ್ನು ನೋಡಿದರು. ಮರುದಿನ ಪಿಕಪ್ಪಿನಲ್ಲಿ ಹೇರಿಸಿ ತಂದರು. ಸಂಕದ ಈಚೆಗೆ ಹಗ್ಗ ಕಟ್ಟಿ ನಾಲ್ಕು ಜನ ಎಳೆದದ್ದು.

"ಇದೆಂತ, ಬಾಗಿಲಿಲ್ಲದ ರಿಕ್ಷಾ?" ಎಂದರು ಅತ್ತೆ. ನಾನವರನ್ನು ಮಾಮಿ ಎಂದು ಕರೆಯುವುದು, ನಮ್ಮ ತುಳುವಿನಲ್ಲಿ ಹಾಗೆ. "ಊರಿಡೀ ಜನ ಕಾರು ತರ್ತಾರೆ, ನನ್ನ ಮಗ ಕೋಳಿಗೂಡು ತಂದ."

ಆ ರಜೆಯ ದಿನವೆಲ್ಲ ಇವರು ದನದ ಹಟ್ಟಿಯ ಬದಿಯ ಮಾಡಿನ ಅಡಿಯಲ್ಲಿ ಗಾಡಿಯೊಟ್ಟಿಗೆ ಕೂತರು. ಬಿ.ಸಿ. ರೋಡಿನಿಂದ ಆರು ಹೊಸ ಬ್ಯಾಟರಿ ತಂದು ಸೀಟಿನ ಅಡಿಯಲ್ಲಿ ಜೋಡಿಸಿದರು. ಮೂಡುಬಿದಿರೆಯಲ್ಲಿ ಸೀಟಿಗೆ ರೆಕ್ಸಿನ್ ಹೊಲಿಸಿದರು. ಎಲ್ಲ ಆದ ಮೇಲೆ ನನ್ನನ್ನು ಕರೆದು ಕೀ ತಿರುಗಿಸಿ ಪೆಡಲನ್ನು ಮೆಲ್ಲನೆ ತುಳಿದರು. ಸೀಟಿನ ಅಡಿಯಿಂದ ಟಕ್ ಎಂದು ಒಂದು ಶಬ್ದ ಬಂತು.

"ಕೇಳಿತಾ? ಅದು ಸೊಲೆನಾಯ್ಡ್. ಪೆಡಲ್ ತುಳಿದ ಕೂಡಲೇ ಅದು ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬಿಡುದು. ಈ ಟಕ್ ಬಂತು ಅಂತ ಆದ್ರೆ ಅರ್ಧ ಗಾಡಿ ಸರಿ ಉಂಟು ಅಂತ ಲೆಕ್ಕ. ನೆನಪಿಟ್ಟುಕೋ."

ನೆನಪಿಟ್ಟುಕೊಂಡೆ. ಆದರೆ ಹೊರಗೆ ದಾರಿಯೆಲ್ಲ ಕೆಸರು. ಆ ಚಿಕ್ಕ ಚಕ್ರಗಳು ಅಂಗಳ ದಾಟಿದರೆ ಹೂತು ಹೋಗುವಂತಿದ್ದವು. ಮಳೆ ಬಿಟ್ಟ ಒಂದು ಸಂಜೆ ಅಂಗಳದಲ್ಲಿಯೇ, ತುಳಸಿಕಟ್ಟೆಗೆ ಒಂದು ಸುತ್ತು ಬಂದೆವು. ಅವರು ಬಿಡುವುದು, ನಾನು ಬದಿಯಲ್ಲಿ. ಮಾಮಿ ಜಗಲಿಯಿಂದ, "ಸಾಕಾ ಪ್ರದಕ್ಷಿಣೆ?" ಎಂದರು. ಅಷ್ಟರಲ್ಲಿ ಪುನಃ ಮಳೆ ಬಂತು. ನಾವಿಬ್ಬರು ಆ ಗಾಡಿಯಲ್ಲಿ ಕೂತದ್ದು ಅಷ್ಟೇ. ಅವರು ಹೋದ ಮೇಲೆ, ನೆಲ ಒಣಗಿದ ಮೇಲೆ, ನಾನೊಬ್ಬಳೇ ಕಲಿತೆ. ಹಾಲಿನ ಕ್ಯಾನು, ಹಿಂಡಿಯ ಗೋಣಿ, ಕೆಲವೊಮ್ಮೆ ಮಾಮಿ. ಊರಿನ ರಿಕ್ಷಾದವನು, ಅವನು ನನಗೆ ತಮ್ಮನ ಪ್ರಾಯದವನು, ಅದಕ್ಕೆ 'ಅಕ್ಕನ ವಿಮಾನ' ಎಂದು ಹೆಸರಿಟ್ಟ.

ಮೊನ್ನೆ ದೀಪಾವಳಿಯ ಹೊತ್ತಿಗೆ ಇವರು ಫೋನಿನಲ್ಲಿ ಹೇಳಿದರು. ಈ ವರ್ಷ ಮಳೆಗಾಲದಲ್ಲಿ ಬಾರದೆ ಉಳಿಸಿದ ರಜೆಯನ್ನು ಡಿಸೆಂಬರಿನಲ್ಲಿ ಕೊಡುತ್ತಾರಂತೆ, ಮೇಲಿನವರು ಒಪ್ಪಿದ್ದಾರಂತೆ. ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ, ಅದು ಉಕ್ಕಿ ಹೋಯಿತು. ಡಿಸೆಂಬರಿನಲ್ಲಿ ದಾರಿ ಒಣಗಿರುತ್ತದೆ. ಡಿಸೆಂಬರಿನಲ್ಲಿ ಗಾಡಿ ಸೊಸೈಟಿಯವರೆಗೆ ಹೋಗುತ್ತದೆ. ನಾನು ಯಾರಿಗೂ ಹೇಳದೆ ನಿರ್ಧಾರ ಮಾಡಿದೆ, ಈ ಸಲ ಕೋಳಿಗೆ ಬೇರೆ ಯಾರಾದರೂ ಅರೆಯಲಿ.

ಮಳೆಗಾಲವಿಡೀ ಮುಚ್ಚಿಟ್ಟಿದ್ದ ಟಾರ್ಪಾಲು ತೆಗೆದು, ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ಕೀ ತಿರುಗಿಸಿ ಪೆಡಲ್ ತುಳಿದೆ. ಏನೂ ಇಲ್ಲ. ಟಕ್ ಕೂಡ ಇಲ್ಲ. ಇನ್ನೊಮ್ಮೆ ತುಳಿದೆ. ಸತ್ತ ಹಲ್ಲಿಯ ಹಾಗೆ ಸುಮ್ಮನಿತ್ತು.

ಮೂಡುಬಿದಿರೆಯಿಂದ ಬ್ಯಾಟರಿ ಅಂಗಡಿಯವರೊಬ್ಬರು ಬಂದು ನೋಡಿದರು. ಬ್ಯಾಟರಿಯ ಬಗ್ಗೆ ಆದರೆ ಹೇಳಬಹುದು, ಈ ಜಾತಿಯ ಗಾಡಿ ತಾನು ಕೈಯಲ್ಲಿ ಮುಟ್ಟಿದ್ದಿಲ್ಲ ಎಂದು ನೇರವಾಗಿ ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಅವತ್ತು ಸಂಜೆ ಫೋನು ಬಂದಾಗ ಇವರಿಗೆ ಹೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಹೇಳಿದೆ.

"ಟಕ್ ಬರ್ತದಾ?" ಅದೇ ಅವರ ಮೊದಲ ಪ್ರಶ್ನೆ.

"ಬರುದಿಲ್ಲ."

"ಹಾಗಾದ್ರೆ ಒಳ್ಳೇದು. ಟಕ್ ಬಂದು ಹೋಗದಿದ್ರೆ ಮೋಟರ್ ಕಡೆ ನೋಡ್ಬೇಕಿತ್ತು, ಅದು ದೊಡ್ಡ ಕೆಲಸ. ಇದು ಅದಕ್ಕಿಂತ ಮೊದಲೇ ಎಲ್ಲಿಯೋ ನಿಂತಿದೆ. ನಾವೇ ಹುಡುಕುವ."

ನಾವೇ ಎಂದರೆ ನಾನು. ಕೈ ನನ್ನದು, ಬಾಯಿ ಅವರದು. ಅವರು ಬಿಟ್ಟು ಹೋದ ಹಳದಿ ಮೀಟರು ಕಪಾಟಿನಲ್ಲಿತ್ತು. ಅವರ ಊಟದ ಬಿಡುವು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ. ಆ ಹೊತ್ತಿಗೆ ನಾನು ಮಾಡಿನ ಅಡಿಯಲ್ಲಿ ಸೀಟು ಎತ್ತಿಟ್ಟು, ಫೋನನ್ನು ಸ್ಟೇರಿಂಗಿಗೆ ಒರಗಿಸಿ, ಸ್ಪೀಕರ್ ಹಾಕಿ ತಯಾರಾಗುವುದು.

ಮೊದಲ ದಿನವೇ ಜಗಳವಾಯಿತು. ಬ್ಯಾಟರಿಯ ಹತ್ತಿರ ಕೈ ಹಾಕುವ ಮೊದಲು ಬಳೆ ತೆಗೆ, ಕರಿಮಣಿ ತೆಗೆ ಎಂದರು ಇವರು. ಜಗಲಿಯಲ್ಲಿ ಎಲೆ ತಿನ್ನುತ್ತಿದ್ದ ಮಾಮಿಗೆ ಅದು ಕೇಳಿತು. ಮೊಣಕಾಲು ಹಿಡಿದುಕೊಂಡೇ ಇಳಿದು ಬಂದರು.

"ಗಂಡ ದೂರ ದೇಶದಲ್ಲಿರುವಾಗ ಹೆಂಡತಿ ಇಲ್ಲಿ ಕೈ ಬೋಳು ಮಾಡಿ ಕೂತ್ಕೊಳ್ಳುದಾ? ಗಾಡಿ ಹಾಳಾಗಿ ಹೋಗಲಿ."

"ಅಮ್ಮಾ, ಬಳೆ ಬ್ಯಾಟರಿಯ ಎರಡು ತಲೆಗೆ ಒಟ್ಟಿಗೆ ತಾಗಿದ್ರೆ ಕೆಂಡ ಆಗ್ತದೆ. ಕೈ ಸುಟ್ಟು ಹೋಗ್ತದೆ."

"ನೀನು ಸುಮ್ಮನಿರು. ಸುಡದ ಬಳೆ ಇಲ್ವಾ?"

ಇವರು, ಸೋತ ಸ್ವರದಲ್ಲಿ, "ಗಾಜಿನದ್ದು ಆದೀತು. ಗಾಜಿನಲ್ಲಿ ಕರೆಂಟು ಹೋಗುದಿಲ್ಲ," ಎಂದರು.

"ಮತ್ತೆ? ಅಷ್ಟು ಓದಿದವರಿಗೆ ಅದು ಮೊದಲೇ ಹೊಳೀಲಿಲ್ವಾ?" ಎಂದು ಮಾಮಿ ಒಳಗೆ ಹೋಗಿ, ತಮ್ಮ ಪೆಟ್ಟಿಗೆಯಿಂದ ಹಸಿರು ಗಾಜಿನ ಬಳೆ ತಂದು ತಾವೇ ನನ್ನ ಕೈಗೆ ತೊಡಿಸಿದರು. ಕರಿಮಣಿಯನ್ನು ರವಿಕೆಯೊಳಗೆ ಸೇರಿಸಿ, ಮೇಲಿಂದ ಮೈ ಒರೆಸುವ ಬೈರಾಸು ಬಿಗಿದರು. ಅವತ್ತಿನಿಂದ ಗಾಡಿಯ ಕೆಲಸಕ್ಕೆ ನನ್ನ ವೇಷ ಅದು.

ಬ್ಯಾಟರಿಗಳ ತಲೆಯಲ್ಲಿ ಹೂಕೋಸಿನ ಹಾಗೆ ಬಿಳಿ ಪುಡಿ ಹಿಡಿದಿತ್ತು. ಬಿಸಿನೀರಿಗೆ ಅಡಿಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಬುರುಬುರು ನೊರೆ ಬಂತು. ಒರೆಸಿ, ನಟ್ಟು ಬಿಗಿ ಮಾಡಿ, ಒಂದೊಂದರಲ್ಲಿಯೂ ಎಷ್ಟು ಉಂಟು ಎಂದು ಮೀಟರಿಟ್ಟು ಹೇಳಿದೆ. ಒಂದು ಮಾತ್ರ ಸ್ವಲ್ಪ ಹಿಂದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹೊಯ್ದು, ಪುನಃ ಚಾರ್ಜಿಗೆ ಹಾಕಿ, ಎರಡು ದಿನ ಬಿಟ್ಟು ನೋಡಿದಾಗ ಅದೂ ಉಳಿದವುಗಳ ಸಾಲಿಗೆ ಬಂತು. ಆರಕ್ಕೂ ಸೇರಿ ಮೂವತ್ತೆಂಟರ ಹತ್ತಿರ ತೋರಿಸಿತು. "ಬ್ಯಾಟರಿಯಲ್ಲಿ ಸುಖ ಉಂಟು," ಎಂದರು ಇವರು. ಪೆಡಲ್ ತುಳಿದರೆ ಮೊದಲಿನ ಹಾಗೆಯೇ.

"ಇನ್ನು ಕರೆಂಟು ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ ನೋಡುವ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿನಲ್ಲಿ ಬಿಡು. ಕೆಂಪು ಕಡ್ಡಿ ಹಿಡ್ಕೊಂಡು ದಾರಿ ನಡಿ. ಬ್ಯಾಟರಿಯಿಂದ ಕೀ, ಕೀಯಿಂದ ಮುಂದೆ-ಹಿಂದೆ ಹೋಗುವ ಲಿವರ್, ಅಲ್ಲಿಂದ ಪೆಡಲ್, ಪೆಡಲಿನಿಂದ ಸೊಲೆನಾಯ್ಡ್. ಎಲ್ಲಿ ಮೂವತ್ತೆಂಟು ಇದ್ದದ್ದು ಸೊನ್ನೆ ಆಗ್ತದೋ ಅಲ್ಲಿ ರೋಗ."

ಹೇಳುವುದು ಸುಲಭ. ಹಳೆಯ ಗಾಡಿ, ತಂತಿಗಳ ಬಣ್ಣ ಮಾಸಿ ಕೆಂಪು ಯಾವುದು, ಕಂದು ಯಾವುದು ಗೊತ್ತಾಗುತ್ತಿರಲಿಲ್ಲ. ರೆಸಾರ್ಟಿನವರು ಯಾರೋ ಮಧ್ಯದಲ್ಲಿ ಬೇರೆ ತಂತಿ ಗಂಟು ಹಾಕಿದ್ದರು. ನಾನು ಒಂದು ತಂತಿ ಹಿಡಿದು ಫೋಟೋ ತೆಗೆದು ಕಳಿಸುವುದು, ಅವರು ಅದರ ಮೇಲೆ ಗೆರೆ ಎಳೆದು ಹಿಂದೆ ಕಳಿಸುವುದು. ದಿನಕ್ಕೆ ಒಂದು ತಂತಿ ಗುರುತಾದರೆ ಹೆಚ್ಚು. ಒಂದು ದಿನ ಕೀಯ ಹಿಂಭಾಗ ಬಿಚ್ಚಿ ನೋಡಿದೆವು, ಅಲ್ಲಿ ಸರಿ. ಮತ್ತೆರಡು ದಿನ ಲಿವರಿನಲ್ಲಿ ಹೋಯಿತು, ಅಲ್ಲಿಯೂ ಸರಿ.

ಇಲ್ಲಿ ಒಂದು ಮಾತು ಬರೆಯಬೇಕು. ಇಷ್ಟು ವರ್ಷ ನಮ್ಮ ಫೋನಿನ ಮಾತು ಎಂದರೆ ಇಷ್ಟೇ: ಊಟ ಆಯ್ತಾ, ಆಯ್ತು. ಎಂತ ಪದಾರ್ಥ, ತೊಂಡೆಕಾಯಿ. ಅಮ್ಮನಿಗೆ ಹೇಗುಂಟು, ಹಾಗೇ ಉಂಟು. ಉಜಿರೆಯಲ್ಲಿ ಹಾಸ್ಟೆಲಿನಲ್ಲಿರುವ ಮಗಳು ಫೋನು ಮಾಡಿದಳಾ, ಮಾಡಿದಳು. ಇಡ್ತೇನೆ. ಇಡಿ. ಹೇಳಲಿಕ್ಕೆ ಇಲ್ಲದೆ ಅಲ್ಲ. ದಿನಾ ನೋಡದವರ ಹತ್ತಿರ ದಿನದ ವಿಷಯ ಎಲ್ಲಿಂದ ಹಿಡಿದು ಹೇಳುವುದು ಎಂದು ಗೊತ್ತಾಗುವುದಿಲ್ಲ. ಈಗ ಗಾಡಿಯ ನೆವದಲ್ಲಿ ಅವರು ಊಟದ ಬಿಡುವಿಡೀ ನನ್ನೊಟ್ಟಿಗೆ. ಸ್ಕ್ರೂ ಬಿಚ್ಚುವಾಗ ಮಾತಿಲ್ಲದೆ ಇರುತ್ತಿದ್ದೆವು, ಅದೂ ಚಂದ. ಹಟ್ಟಿಯಲ್ಲಿ ದನ ಕೂಗಿದರೆ, "ಅದಕ್ಕೆ ನೀರು ಇಟ್ಟಿಲ್ವಾ?" ಎಂದು ಅಲ್ಲಿಂದ ಕೇಳುತ್ತಿದ್ದರು. ಅವರು ಅನ್ನ ಕಲಸುವುದು, ನೀರು ಕುಡಿಯುವುದು ನನಗೆ ಕೇಳುತ್ತಿತ್ತು. ಒಮ್ಮೊಮ್ಮೆ, ಇವತ್ತು ರೋಗ ಸಿಕ್ಕಿಬಿಟ್ಟರೆ ನಾಳೆ ಎಂತ ಮಾಡುವುದು ಎಂದು ಕೆಂಪು ಕಡ್ಡಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತದ್ದೂ ಉಂಟು.

ರಿಕ್ಷಾದ ಹುಡುಗ ಹಾದುಹೋಗುವಾಗೆಲ್ಲ ಕೇಳುವುದು, "ಎಂತಕ್ಕಾ, ವಿಮಾನ ಇನ್ನೂ ಹಾರ್ಲಿಲ್ವಾ?"

"ಪೈಲೆಟ್ ಬರ್ಬೇಕಷ್ಟೆ," ಎಂದು ಮಾಮಿಯ ಉತ್ತರ.

ಇವತ್ತು ಇವರಿಗೆ ವಾರದ ರಜೆ. ಹಾಗಾಗಿ ಅವಸರವಿರಲಿಲ್ಲ. ಉಳಿದದ್ದು ಪೆಡಲ್ ಮಾತ್ರ. ಅದರ ಬುಡದಲ್ಲಿ ಒಂದು ಕಪ್ಪು ಪೆಟ್ಟಿಗೆ, ಅದರೊಳಗೆ ಬೆರಳಿನ ಗೆಣ್ಣಿನಷ್ಟು ದೊಡ್ಡ ಸ್ವಿಚ್ಚು. ಪೆಡಲ್ ಇಳಿದಾಗ ಆ ಸ್ವಿಚ್ಚು ಒತ್ತಿ ಕರೆಂಟು ಮುಂದೆ ಹೋಗಬೇಕು. ಚಕ್ರಕ್ಕೆ ಕಲ್ಲು ಕೊಟ್ಟು, ಕೀ ತಿರುಗಿಸಿ ಲಿವರನ್ನು ಮುಂದಕ್ಕೆ ಹಾಕಿ, ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಸ್ವಿಚ್ಚಿಗೆ ಬರುವ ತಂತಿಗೆ ಕೆಂಪು ಕಡ್ಡಿ ಮುಟ್ಟಿಸಿದರೆ ಮೂವತ್ತೆಂಟು. ಎಡಗೈಯಿಂದ ಪೆಡಲ್ ಒತ್ತಿ ಹಿಡಿದು, ಸ್ವಿಚ್ಚಿನಿಂದ ಹೋಗುವ ತಂತಿಗೆ ಮುಟ್ಟಿಸಿದೆ. ಸೊನ್ನೆ.

"ಸೊನ್ನೆ," ಎಂದೆ.

"ಪುನಃ ನೋಡು."

"ಸೊನ್ನೆಯೇ."

"ಹಾಗಾದ್ರೆ ಸಿಕ್ಕಿತು. ಬ್ಯಾಟರಿಯ ಒಂದು ತಂತಿ ಕಳಚಿಟ್ಟು, ಆ ಸ್ವಿಚ್ಚು ಹೊರಗೆ ತೆಗಿ. ಬೆಳಕಿಗೆ ಹಿಡಿ. ಎಂತ ಉಂಟು?"

ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದೆ. ಸಂದಿಯಲ್ಲೆಲ್ಲ ಕಪ್ಪು ಮೇಣದಂಥದ್ದು ಮೆತ್ತಿತ್ತು. ಸೂಜಿಯಿಂದ ಕೆರೆದಾಗ ಅದರೊಳಗಿಂದ ಇರುವೆಗಳು ಬಂದವು. ಸತ್ತ ಇರುವೆಗಳು, ಒಂದರ ಮೇಲೊಂದು ಒತ್ತಿಕೊಂಡು. ಮೂಸಿದೆ. ಕಮಟು ಕಮಟಾದ ಹಳೆಯ ತೆಂಗಿನೆಣ್ಣೆ.

ನನಗೆ ಆಗಲೇ ಗೊತ್ತಾಯಿತು. ಭಾನುವಾರ ತಲೆಗೆ ಹಚ್ಚಿ ಬಟ್ಟಲಿನ ತಳದಲ್ಲಿ ಉಳಿದ ಎಣ್ಣೆಯನ್ನು ನಾವು ಪುನಃ ಬಾಟಲಿಗೆ ಹೊಯ್ಯುವುದಿಲ್ಲ. ಕೈ ಮುಟ್ಟಿದ ಎಣ್ಣೆ. ಅದನ್ನು ಬಾಗಿಲಿನ ತಿರುಗಣೆಗೆ, ಮೆಟ್ಟುಕತ್ತಿಗೆ, ಹೊಲಿಗೆ ಮೆಷಿನಿಗೆ ಬಿಟ್ಟು ಮುಗಿಸುವುದು. ಮಳೆಗಾಲದಲ್ಲಿ ಇಲ್ಲಿ ಕಬ್ಬಿಣವೆಂಬುದು ಉಳಿಯಬೇಕಾದರೆ ಹಾಗೆ ಮಾಡಲೇಬೇಕು. ಇವರು ಹೋದ ಮೇಲೆ ಇವರ ವಸ್ತುಗಳಿಗೆಲ್ಲ ನಾನು ಅದನ್ನೇ ಮಾಡಿಕೊಂಡು ಬಂದವಳು. ಅವರ ಸೈಕಲಿನ ಚೈನಿಗೆ, ಪೆಟ್ಟಿಗೆಯ ಬೀಗಕ್ಕೆ, ಗಡ್ಡ ಕತ್ತರಿಸುವ ಕತ್ತರಿಗೆ. ಈ ಮಳೆಗಾಲದಲ್ಲಿ, ಅವರು ಬಾರದ ಮಳೆಗಾಲದಲ್ಲಿ, ಪ್ರತಿ ಭಾನುವಾರ ಟಾರ್ಪಾಲಿನ ಅಡಿಯಿಂದ ಕೈ ತೂರಿಸಿ ಗಾಡಿಯ ಪೆಡಲಿನ ಬುಡಕ್ಕೂ ನಾಲ್ಕು ಹನಿ ಬಿಟ್ಟಿದ್ದೆ. ಕಿರುಗುಟ್ಟಬಾರದೆಂದು.

ಹೇಳಿದೆ. ಇವರು ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು.

"ಇಲ್ಲಿ ಮರಳು ಹೋಗಿ ಕೆಡ್ತದೆ. ಎಣ್ಣೆಸ್ನಾನ ಮಾಡಿಸಿ ಗಾಡಿ ಕೊಂದವಳು ನೀನೊಬ್ಬಳೇ."

"ತುಕ್ಕು ಹಿಡಿದ್ರೆ ಆಗ ಎಂತ ಹೇಳ್ತಿದ್ರಿ?"

"ಏನೂ ಹೇಳ್ತಿರ್ಲಿಲ್ಲ ಮಾರಾಯ್ತಿ. ಏನೂ ಹೇಳ್ತಿರ್ಲಿಲ್ಲ."

ಮಗಳು ಬಿದ್ದಾಗ ಗಾಯಕ್ಕೆಂದು ತಂದಿಟ್ಟ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಸ್ವಿಚ್ಚನ್ನು ತೊಳೆದೆ. ಬಿಸಿಲಿನಲ್ಲಿ ಒಣಗಿಸಿದೆ. ಒತ್ತಿದರೆ ಈಗ ಗಂಟು ಬಿಚ್ಚಿದ ಹಾಗೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಪುನಃ ಕೂರಿಸಿ, ತಂತಿ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಫೋನನ್ನು ಸೀಟಿನ ಹತ್ತಿರ ಇಟ್ಟು, ಕೀ ತಿರುಗಿಸಿ ಪೆಡಲ್ ತುಳಿದೆ.

ಟಕ್.

"ಕೇಳಿತಾ?" ಎಂದೆ.

"ಕೇಳಿತು."

ಆಮೇಲೆ ಲೈನು ಹೋಯಿತೋ ಎಂದು ಫೋನು ಎತ್ತಿ ನೋಡಿದೆ. ಹೋಗಿರಲಿಲ್ಲ.

"ಒಂದು ವಿಷಯ ಉಂಟು," ಎಂದರು.

"ಹೇಳಿ."

"ಡಿಸೆಂಬರಿನಲ್ಲಿ ರಜೆ ಸಿಗುದಿಲ್ಲ. ಎಂತದೋ ದೊಡ್ಡ ಆಟ ಇಟ್ಟಿದ್ದಾರೆ, ಹೊರಗಿಂದ ಜನ ಬರ್ತಾರಂತೆ. ಜೂನ್ ತಿಂಗಳಲ್ಲಿ ಹೋಗು ಅಂದ್ರು."

ಜೂನ್ ಎಂದರೆ ಕೆಸರು.

"ಯಾವಾಗ ಅಂದದ್ದು?"

"ಹೋದ ಆದಿತ್ಯವಾರ."

ಹೋದ ಆದಿತ್ಯವಾರ ನಾವು ಕೀ ಬಿಚ್ಚಿದ್ದು. ಅವತ್ತು ಅವರು ಎಷ್ಟು ತಾಳ್ಮೆಯಿಂದ, ಒಂದೊಂದು ಸ್ಕ್ರೂ ಎಲ್ಲಿಡಬೇಕೆಂದು ಸಹ ಹೇಳಿಕೊಟ್ಟಿದ್ದರು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಗಾಡಿ ಅಲ್ಲಿಗೇ ಬಿಡ್ತಿದ್ದೆ. ಗಾಡಿ ಬಿಟ್ರೆ ನಾವು ಎಂತ ಮಾತಾಡುದು?"

ನಾನು ಬೈರಾಸಿನಿಂದ ಕೈ ಒರೆಸಿದೆ. ಒರೆಸಿದ ಕೈಯನ್ನೇ ಪುನಃ ಒರೆಸಿದೆ. ಅಂಗಳದಲ್ಲಿ ಬಿಸಿಲು ಇಳಿಯುತ್ತಿತ್ತು, ಹಗ್ಗದ ಬಟ್ಟೆ ಒಣಗಿ ಗರಿಗರಿಯಾಗಿತ್ತು.

"ಇವತ್ತು ನಿಮಗೆ ಬೇರೆ ಕೆಲಸ ಉಂಟಾ?" ಎಂದು ಕೇಳಿದೆ.

"ಬಟ್ಟೆ ಒಗಿಲಿಕ್ಕೆ ಉಂಟು. ಯಾಕೆ?"

"ಅದು ಮತ್ತೆ ಮಾಡಿ. ಫೋನಿನ ಹತ್ತಿರ ಇರಿ. ನಾನು ಸೊಸೈಟಿಯ ಹತ್ತಿರ ಹೋಗಿ ಮಾಡ್ತೇನೆ."

"ಸೊಸೈಟಿಗೆ ಎಂತಕ್ಕೆ?"

"ನಿಮ್ಮನ್ನು ಕರ್ಕೊಂಡು ಬರ್ಲಿಕ್ಕೆ."

ಗಾಡಿಯನ್ನು ಮಾಡಿನಿಂದ ಹೊರಗೆ ತರುವಾಗ ಮಾಮಿ ಮೆಟ್ಟಿಲಲ್ಲಿ ನಿಂತಿದ್ದರು. ಅವರಿಗೆ ಎಷ್ಟು ಕೇಳಿತ್ತೋ ಗೊತ್ತಿಲ್ಲ. "ಹಾಲು ಕೊಡುವ ಹೊತ್ತಾಗಲಿಲ್ಲ," ಎಂದರು. "ಹೌದು," ಎಂದೆ. ಅವರು ಹಗ್ಗದಿಂದ ಒಂದು ಒಣಗಿದ ಬಟ್ಟೆ ಎಳೆದು ತಂದು, ನನ್ನ ಬದಿಯ ಸೀಟಿನ ಧೂಳನ್ನು ನಿಧಾನವಾಗಿ ಒರೆಸಿದರು. ಮೂಲೆಯನ್ನೂ ಒರೆಸಿದರು. "ಹೋಗು," ಎಂದರು.

ಗಾಡಿ ಸದ್ದಿಲ್ಲದೆ ಹೋಯಿತು. ಸಂಕ ದಾಟಿ, ಏರಿನಲ್ಲಿ ಸ್ವಲ್ಪ ನಿಧಾನವಾಗಿ, ಸೊಸೈಟಿಯ ಎದುರು ಹೋಗಿ ನಿಂತಿತು. ಬಾಗಿಲು ಹಾಕಿತ್ತು, ಯಾರೂ ಇರಲಿಲ್ಲ. ವ್ಯಾನು ನಿಲ್ಲುವ ಜಾಗದಲ್ಲಿ ಗಾಡಿ ತಿರುಗಿಸಿ, ಫೋನು ಮಾಡಿ, ಒರೆಸಿದ ಸೀಟಿನ ಮೇಲೆ ಇಟ್ಟೆ.

"ಹತ್ತಿದ್ರಾ?"

ಅವರು ತಡೆದು ಹೇಳಿದರು, "ಹತ್ತಿದೆ. ಮೆಲ್ಲ ಬಿಡು."

ಮೆಲ್ಲ ಬಿಟ್ಟೆ.

"ಗದ್ದೆ ಈಗ ಎಂತ ಬಣ್ಣ?"

"ಕೊಯ್ದು ಆಗಿದೆ. ಬೈಹುಲ್ಲಿನ ಬಣ್ಣ. ನಿಮ್ಮ ದೊಡ್ಡಪ್ಪನ ಮಗನ ಗದ್ದೆಯಲ್ಲಿ ಉದ್ದು ಹಾಕಿದ್ದಾರೆ."

"ದಾರಿಯಲ್ಲಿ ಧೂಳು ಉಂಟಾ?"

"ಉಂಟು. ಚಕ್ರದ ಹಿಂದೆ ಏಳ್ತದೆ."

"ನಮ್ಮ ದಾರಿಯಲ್ಲಿ ಧೂಳು ಏಳುದು ನೋಡದೆ ಎಷ್ಟು ಸಮಯ ಆಯ್ತು," ಎಂದರು ಅವರು. ಸುತ್ತ ಮರಳಿರುವ ಊರಿನಲ್ಲಿ ಕೂತು.

ಸಂಕಕ್ಕೆ ಇಳಿಯುವ ಮೊದಲು ಗಾಡಿ ನಿಲ್ಲಿಸಿದೆ.

"ಯಾಕೆ ನಿಲ್ಲಿಸಿದೆ? ಪುನಃ ಕೆಟ್ಟಿತಾ?"

"ಇಲ್ಲ. ಇನ್ನು ಕೆಳಗೆ ಫೋನಿಗೆ ರೇಂಜ್ ಇಲ್ಲ."

"ಓ."

"ಸ್ವಲ್ಪ ಕೂತು ಹೋಗುವ."

"ಕೂತು ಹೋಗುವ," ಎಂದರು.

ಕೂತೆವು. ತೋಡಿನಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು, ಅದನ್ನು ಕೇಳಿಸಲು ಫೋನನ್ನು ಆ ಕಡೆ ಹಿಡಿದೆ. ಅವರ ತಮ್ಮನ ಮನೆಗೆ ಹೊಸ ಬಣ್ಣ ಹೊಡೆದ ವಿಷಯ ಹೇಳಿದೆ. ಅವರು ತಮ್ಮ ಕೋಣೆಯ ಕಿಟಕಿಯಿಂದ ಕಾಣುವ ನೀರಿನ ಟ್ಯಾಂಕಿನ ಬಗ್ಗೆ, ಅದರ ಮೇಲೆ ಕೂರುವ ಒಂದು ಪಾರಿವಾಳದ ಬಗ್ಗೆ ಹೇಳಿದರು. ಇಷ್ಟು ವರ್ಷದಲ್ಲಿ ಅವರ ಕಿಟಕಿಯಿಂದ ಎಂತ ಕಾಣುತ್ತದೆ ಎಂದು ನಾನು ಕೇಳಿರಲಿಲ್ಲ.

ಹಿಂದಿನಿಂದ ರಿಕ್ಷಾ ಬಂತು. ದಾರಿ ಇಬ್ಬರಿಗೆ ಸಾಲದು.

"ಎಂತಕ್ಕಾ, ನಡುದಾರಿಯಲ್ಲಿ ಲ್ಯಾಂಡ್ ಮಾಡಿದ್ದಾ? ದೂಡ್ಬೇಕಾ?"

"ಬೇಡ ಮಾರಾಯ. ಇವರ ಹತ್ತಿರ ಮಾತಾಡ್ತಿದ್ದೇನೆ."

ಅವನು ಬಗ್ಗಿ ಸೀಟಿನ ಮೇಲಿನ ಫೋನನ್ನು ನೋಡಿದ. ಇಂಜಿನು ಬಂದ್ ಮಾಡಿದ. "ಮಾತಾಡಿ. ನನಗೆ ಬಾಡಿಗೆ ಇಲ್ಲ ಈಗ," ಎಂದು ತೋಡಿನ ಬದಿಗೆ ಹೋಗಿ, ಬೆನ್ನು ಹಾಕಿ ನಿಂತುಕೊಂಡ.

ನಾವು ಇನ್ನೂ ಸ್ವಲ್ಪ ಹೊತ್ತು ಕೂತೆವು. ಆಮೇಲೆ ನಾನು, "ಹೋಗುವನಾ?" ಎಂದೆ. ಅವರು, "ಹೋಗುವ," ಎಂದರು. ಸಂಕದ ನಡುವೆ ಲೈನು ಕಡಿಯಿತು. ಉಳಿದ ದಾರಿಯಲ್ಲಿ ಫೋನನ್ನು ಸೀಟಿನಿಂದ ಎತ್ತದೆಯೇ ಬಂದೆ.

ರಾತ್ರಿಗೆ ಕುಚ್ಚಲಕ್ಕಿ ಅನ್ನ, ಬೂತಾಯಿಯ ಪುಳಿಮುಂಚಿ, ಬೆಳಿಗ್ಗೆಯ ಎರಡು ನೀರುದೋಸೆ. ಮಾಮಿ ಮೀನಿನ ನಡುಭಾಗ ನನ್ನ ಬಟ್ಟಲಿಗೆ ಹಾಕಿದರು. ಇವರಿಗೆ ಅಲ್ಲಿ ಖುಬ್ಬೂಸ್ ರೊಟ್ಟಿ, ನಿನ್ನೆಯ ಬೇಳೆ. ಪುನಃ ಫೋನು ಮಾಡಿ, ಪುಳಿಮುಂಚಿಗೆ ಹುಳಿ ಎಷ್ಟು ಹಾಕಿದೆ ಎಂದು ಕೇಳಿದರು, ಹೇಳಿದೆ. ಗಾಡಿಯನ್ನು ಚಾರ್ಜಿಗೆ ಹಾಕಿ ಬಂದು ಚಾಪೆ ಬಿಡಿಸಿದೆ. ಮಾಮಿ ಇನ್ನೂ ಎಲೆ ಅಡಿಕೆ ಕುಟ್ಟುತ್ತಿದ್ದರು. ಗಾಡಿಯ ಹಿಂದಿನ ಬ್ರೇಕಿನ ಬಗ್ಗೆ ಎಂತದೋ ಹೇಳುತ್ತಿದ್ದ ಇವರು ನಡುವೆ ನಿಲ್ಲಿಸಿದರು. ಫೋನನ್ನು ಕಿವಿಗೆ ಇಟ್ಟುಕೊಂಡೇ ಇದ್ದೆ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು. ಇವತ್ತು ಮೊದಲು ನಿದ್ದೆ ಹೋದವರು ಅವರೇ.